ಭೀಷ್ಮನೇ ಸುಮ್ಮನಿದ್ದ, ನಾನ್ಯಾರು ಮಾತಾಡೋಕೆ?

ಪ್ರಶ್ನೆ: ನಾನು ಒಂದು ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ಒಂದು ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್, ಸಹೋದ್ಯೋಗಿ ಹೆಣ್ಣುಮಗಳೊಬ್ಬರಿಗೆ ಪ್ರಮೋಷನ್ ಹೇಗೆ ಸಿಕ್ಕಿತು ಅಂತ ಎಲ್ಲರೆದುರು ತೀರಾ ಕೀಳಾಗಿ ಮಾತಾಡಿದರು. ಕೆಲವರು ನಕ್ಕರು. ಉಳಿದವರು ತಲೆ ಬಗ್ಗಿಸಿ ಕೂತೆವು. ನಾನೂ ಸುಮ್ಮನಿದ್ದೆ. ಈಗ ಆ ಹೆಣ್ಣುಮಗಳು ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಟ್ಟಿದ್ದಾರೆ. "ನೀವು ಅಲ್ಲೇ ಇದ್ರಲ್ಲ ಸರ್, ಬಂದು ಹೇಳ್ತೀರಾ?" ಅಂತ ನನ್ನನ್ನು ಕೇಳಿದರು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಮನೆ ಸಾಲ ಇದೆ, ಮಗಳ ಓದು ಇದೆ. ಅಮ್ಮನ ಹತ್ತಿರ ಹೇಳಿಕೊಂಡೆ. "ದ್ರೌಪದಿಯನ್ನು ಸಭೆಗೆ ಎಳ್ಕೊಂಡು ಬಂದಾಗ ಭೀಷ್ಮನಂಥವನೇ ಸುಮ್ಮನಿದ್ದ, ನೀನ್ಯಾರು ಮಾತಾಡೋಕೆ?" ಅಂದರು. ಮಹಾಭಾರತ ನಿಜವಾಗಿ ಹೀಗೆ ಹೇಳುತ್ತದಾ? ನನ್ನಂಥವರಿಗೆ ಆ ಕಥೆಯಿಂದ ಇವತ್ತು ಏನಾದರೂ ಉಪಯೋಗ ಇದೆಯಾ?

ಉತ್ತರ: ನಿಮ್ಮ ತಾಯಿ ಹೇಳಿದ್ದರಲ್ಲಿ ಅರ್ಧ ಸರಿ. ಭೀಷ್ಮ ಆ ದಿನ ದ್ರೌಪದಿಗೆ ನೆರವಾಗಲಿಲ್ಲ. ಆದರೆ ಅದೇ ಸಭಾಪರ್ವದಲ್ಲಿ, ಅದೇ ಸಭೆಯಲ್ಲಿ, ಸುಮ್ಮನೆ ಕೂತವರ ಪಾಲಿಗೆ ಎಷ್ಟು ಪಾಪ ಬರುತ್ತದೆ ಅಂತ ವಿದುರ ಲೆಕ್ಕ ಹಾಕಿ ಹೇಳುತ್ತಾನೆ. ಆ ಲೆಕ್ಕ ನಮ್ಮ ಮನೆಗಳಲ್ಲಿ ಹೇಳುವವರು ಕಡಿಮೆ. ಸೀರೆ ಬೆಳೆದದ್ದು ಎಲ್ಲರಿಗೂ ಗೊತ್ತು. ಕೃಷ್ಣ ಕಾಪಾಡಿದ್ದು ಗೊತ್ತು. ಅಲ್ಲಿ ಕೂತಿದ್ದವರಲ್ಲಿ ಯಾರು ಬಾಯಿ ಬಿಟ್ಟರು, ಏನು ಹೇಳಿದರು, ಆಮೇಲೆ ಅವರಿಗೆ ಏನಾಯಿತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ನಿಮಗೆ ಬೇಕಾದ ಉತ್ತರ ಅಲ್ಲೇ ಇದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಧರ್ಮರಾಯ ಜೂಜಿನಲ್ಲಿ ಹಣ, ರಥ, ಆನೆ, ಕುದುರೆ ಎಲ್ಲ ಕಳೆದುಕೊಂಡ ಮೇಲೆ ತಮ್ಮಂದಿರನ್ನು ಪಣಕ್ಕಿಡುತ್ತಾನೆ. ಮೊದಲು ನಕುಲ, ಆಮೇಲೆ ಸಹದೇವ, ಅರ್ಜುನ, ಭೀಮ. ಬಳಿಕ ತನ್ನನ್ನೇ ಇಟ್ಟು ಸೋಲುತ್ತಾನೆ. ದ್ರೌಪದಿ ಇನ್ನೂ ಉಳಿದಿದ್ದಾಳಲ್ಲ ಅಂತ ಶಕುನಿ ನೆನಪಿಸುತ್ತಾನೆ. ಧರ್ಮರಾಯ ಅವಳನ್ನೂ ಇಡುತ್ತಾನೆ. ಆ ಗಳಿಗೆಯಲ್ಲಿ ಸಭೆ ಹೇಗಿತ್ತು ಅನ್ನೋದನ್ನು ವ್ಯಾಸಭಾರತ ಕೆಲವೇ ಸಾಲುಗಳಲ್ಲಿ ಹೇಳಿಬಿಡುತ್ತದೆ. ಹಿರಿಯರ ಬಾಯಿಂದ 'ಧಿಕ್, ಧಿಕ್' ಅನ್ನೋ ಮಾತು ಹೊರಟಿತು. ಭೀಷ್ಮ, ದ್ರೋಣ, ಕೃಪರು ಬೆವರಿದರು. ವಿದುರ ತಲೆ ಹಿಡಿದುಕೊಂಡು, ಜೀವವೇ ಹೋದವನ ಹಾಗೆ ಕುಳಿತ. ಧೃತರಾಷ್ಟ್ರ ಮಾತ್ರ ಖುಷಿ ತಡೆಯಲಾರದೆ "ಗೆದ್ದಾಯ್ತಾ? ಗೆದ್ದಾಯ್ತಾ?" ಅಂತ ಕೇಳುತ್ತಲೇ ಇದ್ದ.

ಆ ಬೆವರನ್ನು ಗಮನಿಸಿ. ನಡೀತಿರೋದು ತಪ್ಪು ಅಂತ ಭೀಷ್ಮನಿಗೆ ಗೊತ್ತಿತ್ತು. ದ್ರೋಣನಿಗೂ ಗೊತ್ತಿತ್ತು. ನಿಮ್ಮ ಮೀಟಿಂಗ್‌ನಲ್ಲಿ ತಲೆ ಬಗ್ಗಿಸಿದವರಿಗೂ ಗೊತ್ತಿತ್ತು, ಅಲ್ವಾ? ಗೊತ್ತಿಲ್ಲದೆ ಯಾರೂ ತಲೆ ಬಗ್ಗಿಸುವುದಿಲ್ಲ.

ಈಗ ನಾನು ನಿಮಗೆ ತೋರಿಸಬೇಕು ಅಂದುಕೊಂಡ ಮನುಷ್ಯ ಬರುತ್ತಾನೆ. ಅವನು ಪ್ರಾತಿಕಾಮಿ, ಅರಮನೆಯ ಆಳು. ದ್ರೌಪದಿಯನ್ನು ಕರೆದುಕೊಂಡು ಬಾ ಅಂತ ದುರ್ಯೋಧನ ಅವನನ್ನು ಕಳಿಸುತ್ತಾನೆ. ಅವನು ಹೋಗಿ ಸುದ್ದಿ ಹೇಳಿದಾಗ ದ್ರೌಪದಿ ಅಳುತ್ತಾ ಕೂರುವುದಿಲ್ಲ. "ಮೊದಲು ಸಭೆಗೆ ಹೋಗು. ನನ್ನ ಗಂಡ ಯಾರನ್ನು ಮೊದಲು ಸೋತ, ತನ್ನನ್ನೋ ನನ್ನನ್ನೋ? ಅದನ್ನು ಕೇಳಿಕೊಂಡು ಬಾ" ಅನ್ನುತ್ತಾಳೆ. ತನ್ನನ್ನು ತಾನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಅನ್ನೋದು ಅವಳ ವಾದ. ಪ್ರಾತಿಕಾಮಿ ವಾಪಸ್ ಬಂದು ತುಂಬಿದ ಸಭೆಯಲ್ಲಿ ಆ ಪ್ರಶ್ನೆಯನ್ನು ಹಾಗೇ ಇಡುತ್ತಾನೆ. ಧರ್ಮರಾಯ ಉತ್ತರ ಕೊಡುವುದಿಲ್ಲ. ಅವಳೇ ಬಂದು ಕೇಳಲಿ ಅಂತ ದುರ್ಯೋಧನ ಮತ್ತೆ ಕಳಿಸುತ್ತಾನೆ. ಅವನು ಹೋಗುತ್ತಾನೆ, ಬರುತ್ತಾನೆ. ಇನ್ನೊಮ್ಮೆ ಹೋಗು ಅಂದಾಗ ಅವನು ಸಭೆಯತ್ತ ತಿರುಗಿ, "ನಾನು ದ್ರೌಪದಿಗೆ ಏನಂತ ಹೇಳಲಿ?" ಅಂತ ಕೇಳುತ್ತಾನೆ. ಇವನಿಗೆ ಭೀಮನ ಭಯ ಅಂತ ಬೈದು, ದುರ್ಯೋಧನ ದುಶ್ಶಾಸನನನ್ನು ಎಬ್ಬಿಸುತ್ತಾನೆ. ಮುಂದಿನದು ನಿಮಗೆ ಗೊತ್ತಿದೆ.

ಪ್ರಾತಿಕಾಮಿ ಏನನ್ನೂ ತಡೆಯಲಿಲ್ಲ. ತಡೆಯುವ ಶಕ್ತಿ ಅವನಿಗಿರಲಿಲ್ಲ. ಆದರೆ ಆ ಸಭೆಯಲ್ಲಿ ದ್ರೌಪದಿಯ ಪ್ರಶ್ನೆ ಎಲ್ಲರ ಕಿವಿಗೂ ಬಿದ್ದದ್ದು ಮೊದಲು ಅವನಿಂದ. ಅನ್ನ ಕೊಡುವ ಒಡೆಯ ಎದುರಿಗೇ ಇದ್ದಾಗ, ಅವನಿಗೆ ಇಷ್ಟವಿಲ್ಲದ ಪ್ರಶ್ನೆಯನ್ನು ಒಬ್ಬ ಆಳು ಸಭೆಗೆ ತಂದ. ಮಹಾಭಾರತದ ಬಗ್ಗೆ ಮಾತಾಡುವಾಗ ನಾವು ಕರ್ಣ, ಅರ್ಜುನ, ಕೃಷ್ಣ ಅಂತ ದೊಡ್ಡವರಲ್ಲೇ ನಮ್ಮನ್ನು ಹುಡುಕಿಕೊಳ್ಳುತ್ತೇವೆ. ನನಗನಿಸೋದು, ಸಂಬಳಕ್ಕೆ ದುಡಿಯುವ ನಮ್ಮ ನಿಮ್ಮಂಥವರು ಪ್ರಾತಿಕಾಮಿಯನ್ನು ಒಮ್ಮೆಯಾದರೂ ನೋಡಬೇಕು.

ಇನ್ನು ಭೀಷ್ಮ. ಅವನು ಪೂರ್ತಿ ಮೂಕನಾಗಿದ್ದ ಅನ್ನೋದು ತಪ್ಪು. ಅವನು ಮಾತಾಡಿದ. ತನ್ನದೇನೂ ಇಲ್ಲದವನು ಬೇರೆಯವರನ್ನು ಪಣಕ್ಕಿಡಲಾರ, ಇದು ನಿಜ. ಆದರೆ ಹೆಂಡತಿ ಗಂಡನ ಅಧೀನ, ಇದೂ ಇದೆ. ಧರ್ಮ ಸೂಕ್ಷ್ಮ, ಹಾಗಾಗಿ ನಿನ್ನ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲಾರೆ ಅಂದ. ಆಮೇಲೆ, ಸಭೆ ಇನ್ನೂ ಕೆಟ್ಟ ಮೇಲೆ, ಎರಡನೇ ಸಲ ಬಾಯಿ ಬಿಟ್ಟಾಗ ಅವನು ಹೇಳಿದ್ದು ಇನ್ನೂ ಕಠೋರ. ಲೋಕದಲ್ಲಿ ಬಲಶಾಲಿ ಯಾವುದನ್ನು ಧರ್ಮ ಅನ್ನುತ್ತಾನೋ ಅದೇ ಧರ್ಮ ಅಂತ ನಡೆಯುತ್ತದೆ ಅಂದ. ಇದಕ್ಕಿಂತ ಸತ್ಯವಾದ ಮಾತು ಆ ಸಭೆಯಲ್ಲಿ ಬರಲಿಲ್ಲ ಅಂತಲೇ ಹೇಳಬಹುದು. ಆದರೆ ಅದನ್ನು ಹೇಳಿದವನು ಕುರುಕುಲದ ಪಿತಾಮಹ, ದೊಡ್ಡ ಬಿಲ್ಲುಗಾರ. ಅವನು ಎದ್ದು ನಿಂತು ಸಾಕು ಅಂದಿದ್ದರೆ? ಕರಾವಳಿಯ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರದ ಮಾತು ಆಡುವ ಅರ್ಥಧಾರಿಗಳು ರಾತ್ರಿಯಿಡೀ ಈ ಪ್ರಶ್ನೆಯ ಸುತ್ತ ವಾದ ಬೆಳೆಸಬಲ್ಲರು. ನಾನು ಕೇಳಿದ ಮಟ್ಟಿಗೆ ಭೀಷ್ಮನ ಅರ್ಥ ಹೇಳುವವರಿಗೆ ಅದು ತುಂಬ ಕಷ್ಟದ ಜಾಗ.

ಭೀಷ್ಮ ತಡೆಯದೆ ಕೂತದ್ದಕ್ಕೆ ಕಾರಣ ಏನು? ಅದನ್ನು ಅವನು ನೇರವಾಗಿ ಹೇಳಿಲ್ಲ, ಆದರೆ ಕೌರವರ ಕಡೆ ಯಾಕೆ ನಿಂತೆ ಅನ್ನೋದನ್ನು ಮುಂದೆ ಭೀಷ್ಮಪರ್ವದಲ್ಲಿ ಹೇಳುತ್ತಾನೆ. ಯುದ್ಧ ಶುರುವಾಗುವ ಮೊದಲು ಧರ್ಮರಾಯ ಆಶೀರ್ವಾದ ಕೇಳಲು ಬಂದಾಗ ಅವನ ಬಾಯಿಂದ ಬರುವ ಮಾತು ಇದು: ಮನುಷ್ಯ ಹಣದ ದಾಸ, ಹಣ ಯಾರ ದಾಸನೂ ಅಲ್ಲ, ಕೌರವರು ನನ್ನನ್ನು ಅದರಿಂದ ಕಟ್ಟಿಹಾಕಿದ್ದಾರೆ. ದ್ರೋಣ, ಕೃಪರೂ ಆ ದಿನ ಇದನ್ನೇ ಹೇಳುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನೋ ನಮ್ಮ ಮಾತು ನೆನಪಾಗುತ್ತದೆ. ನಿಮ್ಮ ಮನೆ ಸಾಲ, ಮಗಳ ಫೀಸು ಎಲ್ಲ ಈ ಸಾಲಿನಲ್ಲಿ ಬಂತು. ನಿಮ್ಮ ಭಯವನ್ನು ನಾನು ಸಣ್ಣದು ಮಾಡುತ್ತಿಲ್ಲ. ಭೀಷ್ಮನನ್ನೇ ಕಟ್ಟಿಹಾಕಿದ ಹಗ್ಗ ಅದು. ಆದರೆ ಅವನು ಅದನ್ನು ಧರ್ಮ ಅಂತ ಕರೆಯಲಿಲ್ಲ. ನಾನು ಕಟ್ಟುಬಿದ್ದಿದ್ದೇನೆ ಅಂತ ಮೊಮ್ಮಗನ ಮುಂದೆ ಒಪ್ಪಿಕೊಂಡ. ಹಾಗಾಗಿ ನಿಮ್ಮ ತಾಯಿಗೆ ಇಷ್ಟು ಹೇಳಬಹುದು: ಭೀಷ್ಮ ತಡೆಯದೆ ಸುಮ್ಮನಿದ್ದದ್ದು ನಿಜ, ಆದರೆ ಸುಮ್ಮನಿರುವುದು ಸರಿ ಅಂತ ಭೀಷ್ಮನೂ ಹೇಳಿಲ್ಲ.

ಅವತ್ತು ಮಾತಾಡಿದವನೊಬ್ಬ ಇದ್ದ. ದುರ್ಯೋಧನನ ತಮ್ಮ ವಿಕರ್ಣ. ವಯಸ್ಸಿನಲ್ಲಿ ಕಿರಿಯ. ಹಿರಿಯರು ಉತ್ತರಿಸಲಿ ಅಂತ ಕೇಳಿಕೊಂಡ, ಕಾದ, ಯಾರೂ ಉತ್ತರಿಸದಿದ್ದಾಗ ತಾನೇ ಹೇಳಿದ. ಬೇಟೆ, ಕುಡಿತ, ಜೂಜು, ಅತಿಯಾದ ಕಾಮ, ಈ ನಾಲ್ಕು ರಾಜರ ಚಟಗಳು. ಚಟದಲ್ಲಿ ಮುಳುಗಿದವನು ಮಾಡಿದ್ದನ್ನು ಲೋಕ ಲೆಕ್ಕಕ್ಕೆ ಹಿಡಿಯಬಾರದು. ದ್ರೌಪದಿ ಐವರಿಗೂ ಹೆಂಡತಿ, ಒಬ್ಬನೇ ಪಣಕ್ಕಿಟ್ಟದ್ದು ಹೇಗೆ ಸರಿ? ಅದೂ ತನ್ನನ್ನು ಸೋತ ಮೇಲೆ. ಅವಳ ಹೆಸರೆತ್ತಿದ್ದೂ ಶಕುನಿ. ಆದ್ದರಿಂದ ಅವಳನ್ನು ಗೆದ್ದಿಲ್ಲ. ಎಷ್ಟು ಸ್ಪಷ್ಟ ನೋಡಿ. ಸಭೆಯಲ್ಲಿ ಹೌದು ಹೌದು ಅನ್ನೋ ಕೂಗು ಎದ್ದಿತು. (ಪಂಪ 941ರಲ್ಲಿ ಕನ್ನಡದಲ್ಲಿ ಭಾರತ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಅಲ್ಲಿ ಐವರ ಹೆಂಡತಿ ಅನ್ನೋ ಈ ವಾದಕ್ಕೆ ಜಾಗವೇ ಇಲ್ಲ.) ಕರ್ಣ ಎದ್ದು ವಿಕರ್ಣನನ್ನು ಗದರಿಸಿದ. ನೀನಿನ್ನೂ ಹುಡುಗ, ನಿನಗೇನು ಗೊತ್ತು ಅಂದ. ಆಮೇಲೆ ದುಶ್ಶಾಸನ ಸೀರೆಗೆ ಕೈ ಹಾಕಿದ.

ಇಲ್ಲೊಂದು ವಿಷಯ ಹೇಳಬೇಕು. ಪುಣೆಯ ಭಂಡಾರ್ಕರ್ ಸಂಸ್ಥೆಯ ವಿದ್ವಾಂಸರು 1919ರಿಂದ 1966ರವರೆಗೆ, ದೇಶದ ನಾನಾ ಕಡೆಯ ಹಸ್ತಪ್ರತಿಗಳನ್ನು ಹೋಲಿಸಿ ಮಹಾಭಾರತದ ಪರಿಷ್ಕೃತ ಪಾಠ ಸಿದ್ಧ ಮಾಡಿದರು. ಆ ಪಾಠದಲ್ಲಿ ಬಟ್ಟೆ ಮೇಲಿಂದ ಮೇಲೆ ಬರುವುದು ಇದೆ. ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಪ್ರಾರ್ಥನೆ ಇಲ್ಲ. ನಮ್ಮ ಕುಮಾರವ್ಯಾಸನಲ್ಲಿ ಆ ಮೊರೆ ಇದೆ, ಗಮಕಿಗಳು ಅದನ್ನು ಹಾಡುವಾಗ ಕಣ್ಣು ತುಂಬುತ್ತದೆ. ಭಕ್ತಿಯ ಆ ಸಾಲುಗಳನ್ನು ನಾನು ಬಿಡಲಾರೆ. ಆದರೆ ನಿಮ್ಮ ಪ್ರಶ್ನೆ ಮುಂದಿಟ್ಟುಕೊಂಡು ಓದುವಾಗ ಪರಿಷ್ಕೃತ ಪಾಠ ಜಾಸ್ತಿ ಚುಚ್ಚುತ್ತದೆ. ಕೃಷ್ಣ ಬಂದ ಅಂದ ಕೂಡಲೇ ನಮಗೆ ಸಮಾಧಾನವಾಗುತ್ತದೆ, ಸಭೆಯಲ್ಲಿ ಕೂತಿದ್ದವರನ್ನು ಮರೆತುಬಿಡುತ್ತೇವೆ. ಅವನ ಹೆಸರಿಲ್ಲದ ಕಡೆ ಆ ಕೂತವರೇ ಕಣ್ಣಿಗೆ ಹೊಡೆಯುತ್ತಾರೆ.

ವಿದುರನ ಲೆಕ್ಕ ಬರುವುದು ಇದಾದ ಮೇಲೆ. ಅವನು ಒಂದು ಹಳೆಯ ಕಥೆ ತೆಗೆಯುತ್ತಾನೆ. ಪ್ರಹ್ಲಾದನ ಮಗ ವಿರೋಚನನಿಗೂ ಅಂಗಿರಸನ ಮಗ ಸುಧನ್ವನಿಗೂ ಒಬ್ಬ ಹುಡುಗಿಯ ವಿಷಯಕ್ಕೆ ಜಗಳ. ನಮ್ಮಿಬ್ಬರಲ್ಲಿ ಯಾರು ಮೇಲು ಅಂತ ಪ್ರಾಣವನ್ನೇ ಪಣ ಕಟ್ಟಿ ಪ್ರಹ್ಲಾದನ ಹತ್ತಿರ ಬರುತ್ತಾರೆ. ತೀರ್ಪು ಹೇಳಿದರೆ ಸ್ವಂತ ಮಗನ ಜೀವ ಹೋಗಬಹುದು. ಪ್ರಹ್ಲಾದನಿಗೆ ದಿಕ್ಕು ತೋಚುವುದಿಲ್ಲ. ಅವನು ಕಶ್ಯಪನ ಹತ್ತಿರ ಹೋಗಿ, ಗೊತ್ತಿದ್ದೂ ಉತ್ತರ ಹೇಳದವನಿಗೆ ಏನಾಗುತ್ತದೆ ಅಂತ ಕೇಳುತ್ತಾನೆ. ಅಂಥವನನ್ನು ವರುಣನ ಸಾವಿರ ಪಾಶಗಳು ಬಿಗಿಯುತ್ತವೆ, ವರ್ಷಕ್ಕೆ ಒಂದು ಪಾಶ ಬಿಚ್ಚುತ್ತದೆ ಅನ್ನುತ್ತಾನೆ ಕಶ್ಯಪ. ಆಮೇಲೆ ಈ ಶ್ಲೋಕ ಬರುತ್ತದೆ:

ಅರ್ಧಂ ಹರತಿ ವೈ ಶ್ರೇಷ್ಠಃ ಪಾದೋ ಭವತಿ ಕರ್ತೃಷು ।
ಪಾದಶ್ಚೈವ ಸಭಾಸತ್ಸು ಯೇ ನ ನಿಂದಂತಿ ನಿಂದಿತಮ್ ॥

ಖಂಡಿಸಬೇಕಾದ್ದನ್ನು ಖಂಡಿಸದ ಸಭೆಯಲ್ಲಿ ಪಾಪದ ಅರ್ಧ ಪಾಲು ಸಭೆಯ ಹಿರಿಯನಿಗೆ. ಕಾಲು ಪಾಲು ತಪ್ಪು ಮಾಡಿದವನಿಗೆ. ಉಳಿದ ಕಾಲು ಪಾಲು ನೋಡುತ್ತಾ ಕೂತವರಿಗೆ.

ಈ ಹಂಚಿಕೆ ನನ್ನನ್ನು ಯಾವಾಗಲೂ ಬೆಚ್ಚಿಬೀಳಿಸುತ್ತದೆ. ಸೀರೆ ಎಳೆದ ದುಶ್ಶಾಸನನಿಗೆ ಕಾಲು ಭಾಗ. ಸಿಂಹಾಸನದಲ್ಲಿ ಕೂತ ಧೃತರಾಷ್ಟ್ರನಿಗೆ ಅದರ ಎರಡರಷ್ಟು. ನಿಲ್ಲಿಸುವ ಅಧಿಕಾರ ಇದ್ದವನು ಅವನು. ನಿಮ್ಮ ಕಂಪನಿಯಲ್ಲಿ ಮ್ಯಾನೇಜರ್‌ನ ಬಾಯಿ ಇಷ್ಟು ಸಡಿಲವಾಗಲು ಬಿಟ್ಟವರು ಯಾರೋ ಇದ್ದಾರಲ್ಲ, ದೊಡ್ಡ ಪಾಲು ಅವರದು. ನಿಮ್ಮದು ಸಣ್ಣದು, ಅದೂ ನಿಮ್ಮ ಜೊತೆ ಕೂತವರೆಲ್ಲರ ನಡುವೆ ಹಂಚಿಹೋಗಿದೆ. ಹಾಗಂತ ನಿಮ್ಮದು ಏನೂ ಇಲ್ಲ ಅಂತ ವಿದುರ ಹೇಳಲಿಲ್ಲ.

ಇದರ ಮುಂದಿನ ಶ್ಲೋಕವನ್ನು ಜನ ಇನ್ನೂ ಕಡಿಮೆ ಹೇಳುತ್ತಾರೆ. ನಿಮಗೆ ಬೇಕಾದದ್ದು ಅದೇ. ತಪ್ಪನ್ನು ತಪ್ಪು ಅಂತ ಹೇಳುವ ಸಭೆಯಲ್ಲಿ ಹಿರಿಯನ ಪಾಪ ಕಳೆಯುತ್ತದೆ, ಕೂತವರೂ ಬಿಡುಗಡೆಯಾಗುತ್ತಾರೆ, ಪಾಪವೆಲ್ಲ ಮಾಡಿದವನ ತಲೆಗೆ ಹೋಗುತ್ತದೆ. ಪ್ರಹ್ಲಾದ ಇದನ್ನು ಕೇಳಿ ಮನೆಗೆ ಬಂದು, ಮಗನ ಎದುರೇ ಸುಧನ್ವನೇ ನಿನಗಿಂತ ಮೇಲು ಅಂದ. ಮಗನ ಮೇಲಿನ ಪ್ರೀತಿ ಬದಿಗಿಟ್ಟು ಸತ್ಯ ಹೇಳಿದನಲ್ಲ ಅಂತ ಸುಧನ್ವ ಮೆಚ್ಚಿ, ವಿರೋಚನ ನೂರು ವರ್ಷ ಬಾಳಲಿ ಅಂತ ಹರಸಿದ. ಗಮನಿಸಿ, ಪ್ರಹ್ಲಾದ ಕೇಳಿದ ಕೂಡಲೇ ಉತ್ತರ ಕೊಟ್ಟವನಲ್ಲ. ಹೆದರಿದ, ತಡಮಾಡಿದ, ಇನ್ನೊಬ್ಬರನ್ನು ಕೇಳಲು ಹೋದ. ನೀವೂ ಈಗ ಅದೇ ಜಾಗದಲ್ಲಿದ್ದೀರಿ. ಮೀಟಿಂಗ್‌ನಲ್ಲಿ ಸುಮ್ಮನಿದ್ದದ್ದು ಆಗಿಹೋಯಿತು. ಸಮಿತಿಯ ಮುಂದೆ ಹೇಳುವುದು ಇನ್ನೂ ಆಗಿಲ್ಲ.

ವಿದುರ ಇಷ್ಟೆಲ್ಲ ಹೇಳಿದ ಮೇಲೂ ಅಲ್ಲಿ ಕೂತ ರಾಜರು ಬಾಯಿ ಬಿಡಲಿಲ್ಲ. ಕೊನೆಗೆ ಧೃತರಾಷ್ಟ್ರ ಕದಲಿದ್ದು ನರಿ ಊಳಿಟ್ಟಾಗ, ಕತ್ತೆಗಳು ಅರಚಿದಾಗ, ಗಾಂಧಾರಿ ಮತ್ತು ವಿದುರ ಎಚ್ಚರಿಸಿದಾಗ. ಆಗ ವರ ಕೇಳು ಅಂದ. ದ್ರೌಪದಿ ಮೊದಲ ವರದಲ್ಲಿ ಧರ್ಮರಾಯನನ್ನು ಬಿಡಿಸಿದಳು, ಎರಡನೆಯದರಲ್ಲಿ ಉಳಿದ ನಾಲ್ವರನ್ನು. ಮೂರನೆಯದು ಬೇಡ ಅಂದಳು. ತನಗಾಗಿ ಏನೂ ಕೇಳಲಿಲ್ಲ. ಮುಳುಗುತ್ತಿದ್ದ ಪಾಂಡವರಿಗೆ ಇವಳು ದೋಣಿಯಾದಳು ಅಂತ ಕರ್ಣನೇ ಹೇಳಬೇಕಾಯಿತು. ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಲ್ಲಿ ಪ್ರತಿ ವರ್ಷ ಚೈತ್ರ ಹುಣ್ಣಿಮೆಗೆ ಕರಗ ಹೊರುತ್ತಾರಲ್ಲ, ಅದು ಈ ದ್ರೌಪದಿಯನ್ನು ಶಕ್ತಿಯೆಂದು ಕಂಡವರ ಹಬ್ಬ. ನಮ್ಮ ಜನ ಆ ಸಭೆಯಿಂದ ಆರಿಸಿಕೊಂಡು ತಲೆಯ ಮೇಲೆ ಹೊತ್ತದ್ದು ಅವಳನ್ನು.

ಮಾತಾಡಿದವರಿಗೆ ಆಮೇಲೆ ಏನಾಯಿತು? ವಿಕರ್ಣ ಅಷ್ಟು ಧೈರ್ಯವಾಗಿ ಮಾತಾಡಿ ಅಣ್ಣನ ಪಕ್ಷದಲ್ಲೇ ಉಳಿದ. ಯುದ್ಧದ ಹದಿನಾಲ್ಕನೇ ದಿನ ಭೀಮನ ಕೈಯಲ್ಲಿ ಸತ್ತ. ಪ್ರತಿಜ್ಞೆಗೆ ಕಟ್ಟುಬಿದ್ದು ನಿನ್ನನ್ನು ಕೊಲ್ಲಬೇಕಾಯಿತು ಅಂತ ಭೀಮ ಅವನಿಗಾಗಿ ದುಃಖಪಡುವ ಮಾತು ದ್ರೋಣಪರ್ವದಲ್ಲಿ ಸಿಗುತ್ತದೆ. ಬೇರೆ ದಾರಿ ಹಿಡಿದವನೂ ಒಬ್ಬ ಇದ್ದ, ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು, ವೈಶ್ಯ ಹೆಂಗಸಿನಲ್ಲಿ ಹುಟ್ಟಿದವನು. ಯುದ್ಧಕ್ಕೆ ಮೊದಲು, ನಮ್ಮ ಕಡೆ ಬರುವವರು ಬರಬಹುದು ಅಂತ ಧರ್ಮರಾಯ ಕೂಗಿ ಹೇಳಿದಾಗ ಇವನು ಸೇನೆ ದಾಟಿ ಬಂದ. ಬದುಕಿ ಉಳಿದ. ಪಾಂಡವರು ಕೊನೆಯ ಪಯಣ ಹೊರಟಾಗ ರಾಜ್ಯದ ಹೊಣೆ ಅವನಿಗೇ ಒಪ್ಪಿಸಿದರು. ಮಹಾಭಾರತ ಎಲ್ಲರಿಗೂ ಹೀಗೆ ಒಳ್ಳೆಯ ಕೊನೆ ಕೊಡುವುದಿಲ್ಲ. ಸತ್ಯ ಹೇಳಿದರೆ ನಿಮಗೆ ಒಳ್ಳೆಯದೇ ಆಗುತ್ತದೆ ಅಂತ ನಾನೂ ಭರವಸೆ ಕೊಡಲಾರೆ.

ಹಳೆಯ ಕಥೆಯಲ್ಲಿ ಎಲ್ಲವೂ ನಮಗೆ ಹೊಂದುತ್ತದೆ ಅಂತಲೂ ನಾನು ಹೇಳುವುದಿಲ್ಲ. ಹೆಂಡತಿಯನ್ನು ಪಣಕ್ಕಿಡುವ ಹಕ್ಕು ಗಂಡನಿಗೆ ಯಾವಾಗ ಇರುತ್ತದೆ ಅಂತ ಆ ಸಭೆ ವಾದ ಮಾಡುತ್ತದೆ. ನಮಗೆ ಆ ವಾದವೇ ಬೇಡ. ದಾಸಿಯಾಗಿದ್ದರೆ ಅವಳಿಗೆ ಹೀಗೆ ಮಾಡಬಹುದಿತ್ತಾ ಅನ್ನೋ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಇವತ್ತು ನಾವು ಅದನ್ನು ಎತ್ತಲೇಬೇಕು. ದ್ರೌಪದಿಗೆ ಸಭೆಯ ಹಿರಿಯರನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ನಿಮ್ಮ ಸಹೋದ್ಯೋಗಿಗೆ ಕಾನೂನು ಇದೆ. 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆಯೇ ಬಂತು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಒಬ್ಬರು ಹೊರಗಿನವರು. ಬಾಯಿ ಮಾತಿನ ಅಶ್ಲೀಲ ಕೀಟಲೆಯೂ ಕಿರುಕುಳವೇ. ಸಮಿತಿಯನ್ನೇ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ. ವಿದುರ ಅರ್ಧ ಪಾಲನ್ನು ಸಭೆಯ ಹಿರಿಯನ ಮೇಲೆ ಹಾಕಿದನಲ್ಲ, ನಮ್ಮ ಕಾನೂನೂ ಮೇಲೆ ಕೂತವರನ್ನು ಸುಮ್ಮನೆ ಬಿಡುವುದಿಲ್ಲ.

ಸಾಕ್ಷಿ ಹೇಳುವುದರ ಬಗ್ಗೆ ನಿಮಗೆ ತಿಳಿದಿರಬೇಕಾದದ್ದು ಇಷ್ಟು. ಸಾಕ್ಷಿಗಳ ಹೆಸರು, ವಿಳಾಸವನ್ನು ಹೊರಗೆ ಪ್ರಕಟಿಸುವಂತಿಲ್ಲ. ಆದರೆ ನೀವು ಹೇಳಿದ್ದು ಮ್ಯಾನೇಜರ್ ಕಿವಿಗೆ ಬೀಳುವುದೇ ಇಲ್ಲ ಅಂದುಕೊಳ್ಳಬೇಡಿ. ಅವರಿಗೂ ಉತ್ತರ ಕೊಡುವ ಅವಕಾಶ ಇರುತ್ತದೆ. ಮನೆಯವರ ಜೊತೆ ಕೂತು, ಸಾಲದ ಕಂತು, ಕೈಯಲ್ಲಿರುವ ಹಣ ಎಲ್ಲ ಲೆಕ್ಕ ಹಾಕಿ ನೋಡಿ. ಅದು ಹೇಡಿತನ ಅಲ್ಲ. ಅವತ್ತು ಮ್ಯಾನೇಜರ್ ಆಡಿದ ಮಾತು, ದಿನ, ಹೊತ್ತು, ಯಾರ್ಯಾರು ಇದ್ದರು, ಎಲ್ಲವನ್ನೂ ನೆನಪಿದ್ದ ಹಾಗೇ ಈಗಲೇ ಬರೆದಿಡಿ. ಬೇರೆಯವರ ಜೊತೆ ಚರ್ಚೆ ಮಾಡಿದ ಮೇಲೆ ಬರೆದರೆ ಅವರ ನೆನಪು ನಿಮ್ಮದರಲ್ಲಿ ಬೆರೆತುಹೋಗುತ್ತದೆ. ಸಮಿತಿಯ ಮುಂದೆ ಕೇಳಿದ್ದನ್ನು ಮಾತ್ರ ಹೇಳಿ. ಮ್ಯಾನೇಜರ್ ಎಂಥವರು, ಅವರ ಹಿಂದಿನ ಕಥೆ ಏನು ಅಂತ ಹೇಳಲು ಹೋಗಬೇಡಿ. ಪ್ರಾತಿಕಾಮಿ ಪ್ರಶ್ನೆಯನ್ನು ತಂದ, ತನ್ನ ಅಭಿಪ್ರಾಯ ಸೇರಿಸಲಿಲ್ಲ.

ನನ್ನನ್ನು ಕೇಳಿದರೆ, ಹೋಗಿ ಹೇಳಿ. ಕೊನೆಗೆ ನಿರ್ಧಾರ ನಿಮ್ಮದು. ಯಾವ ನಿರ್ಧಾರವಾದರೂ ಆ ಹೆಣ್ಣುಮಗಳಿಗೆ ಉತ್ತರ ಕೊಡಿ. ದ್ರೌಪದಿ ಆ ಸಭೆಯಲ್ಲಿ ಮತ್ತೆ ಮತ್ತೆ ಕೇಳಿದ್ದು ಒಂದೇ, ಗೆದ್ದಿದ್ದಾರೋ ಇಲ್ಲವೋ ಹೇಳಿ, ನೀವು ಹೇಳಿದ ಹಾಗೆ ನಡೆಯುತ್ತೇನೆ ಅಂತ. ಅದನ್ನೂ ಭೀಷ್ಮ, ದ್ರೋಣರಂಥ ಹಿರಿಯರು ಅವಳಿಗೆ ಹೇಳಲಿಲ್ಲ. ನಿಮ್ಮಿಂದ ಆಗುವುದಿಲ್ಲ ಅಂದರೂ ಅದನ್ನು ಇವತ್ತೇ ಹೇಳಿಬಿಡಿ. ತನಿಖೆಗೆ ಇರೋದು 90 ದಿನ. ಬೇರೆ ಸಾಕ್ಷಿ ಹುಡುಕಬೇಕಾದರೆ ಆ ದಿನಗಳು ಅವರಿಗೆ ಬೇಕು.